ಫೆಲಿಕ್ಸ್ ಮಾಮನ ಕೈ ಜಾರಿದ ದಿನ

ಆ ಕಾಲದಲ್ಲಿ ಮಂಗಳೂರಿನ ಉರ್ವದ ನಮ್ಮ ಓಣಿಗೆ ಬೇಸಿಗೆ ರಜೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಹಿತ್ತಿಲಲ್ಲಿ ಗೇರುಬೀಜ ಸುಡುವ ಹೊಗೆ, ಅಟ್ಟದ ಮೇಲೆ ಹಣ್ಣಾಗಲು ಇಟ್ಟ ಮಾವು, ಅಂಗಳದ ಚಾಪೆಯಲ್ಲಿ ಒಣಗುವ ಹಲಸಿನ ಹಪ್ಪಳ. ಇವುಗಳ ನಡುವೆ ಒಮ್ಮೊಮ್ಮೆ ಯಾವುದೋ ಮನೆಯಿಂದ ಬಾಫತ್ ಪುಡಿಗೆ ಮೆಣಸು ಕುಟ್ಟುವ ಘಾಟು ಬರುತ್ತಿತ್ತು. ಬಾಫತ್ ಪುಡಿ ಎಂದರೆ ನಮ್ಮ ಕ್ರಿಶ್ಚಿಯನ್ ಮನೆಗಳ ಮಸಾಲೆ, ಅದಿಲ್ಲದೆ ಒಲೆ ಹತ್ತುವುದಿಲ್ಲ. ಮನೆಗೆ ಬೇಕಾದಷ್ಟೇ ಕುಟ್ಟಿದರೆ ಒಂದೆರಡು ಸೀನು ಬಂದು ಹೋಗುತ್ತಿತ್ತು. ಮಧ್ಯಾಹ್ನವಿಡೀ ಓಣಿಯೇ ಸೀನುತ್ತಿದ್ದರೆ ಆ ಮನೆಯಿಂದ ಯಾರೋ ಗಲ್ಫಿಗೆ ಹೊರಟಿದ್ದಾರೆಂದೇ ಲೆಕ್ಕ.

ಈಗ ಬರೆಯುವಾಗ ವಿಚಿತ್ರ ಎನಿಸುತ್ತದೆ, ಆಗ ಮಾತ್ರ ಅದು ಮಾಮೂಲಾಗಿತ್ತು. ಗಲ್ಫಿಗೆ ಹೋಗುವವರು ಮನೆಯ ಚಿಕ್ಕ ಮಕ್ಕಳಿಗೆ ಹೇಳಿ ಹೋಗುತ್ತಿರಲಿಲ್ಲ. ಮಕ್ಕಳನ್ನು ಪಕ್ಕದ ಮನೆಗೆ ಹಲಸಿನ ಹಣ್ಣು ತಿನ್ನಲು ಕಳಿಸುವುದು, ಇಲ್ಲವೇ ಊಟ ಹಾಕಿ ಮಲಗಿಸುವುದು, ಅಷ್ಟರಲ್ಲಿ ಇವರು ಹೊರಟುಬಿಡುವುದು. ಟ್ಯಾಕ್ಸಿ ಕೂಡ ಗೇಟಿಗೆ ಬರುತ್ತಿರಲಿಲ್ಲ, ಮಾರ್ಕೆಟಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಮಕ್ಕಳ ಅಳು ಕೇಳಿಸಿಕೊಂಡು ಹೊರಟರೆ ಹೋದ ಕೆಲಸ ಕೈಗೂಡುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಎದುರು ಮನೆಯ ಜೆಸಿಂತಾ ಹೀಗೆ ಒಂದು ಮಧ್ಯಾಹ್ನ ಅಮ್ಮನ ಪಕ್ಕ ಮಲಗಿದವಳು ಎದ್ದು ನೋಡಿದರೆ ಪಕ್ಕದಲ್ಲಿ ದಿಂಬು ಇತ್ತು. ಆಮೇಲೆ ಅವಳು ಮಧ್ಯಾಹ್ನ ಮಲಗುವುದನ್ನೇ ಬಿಟ್ಟಳು. ಕಣ್ಣು ಎಳೆದರೂ ಗೇಟು ಹಿಡಿದುಕೊಂಡು ನಿಂತಿರುತ್ತಿದ್ದಳು. ದೊಡ್ಡವರು ಅದನ್ನು ಹಟ ಎಂದು ಕರೆದರು.

ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾನು, ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ ರೋನಿ, ಮಮ್ಮಿ, ಮಮ್ಮಿಯ ಅಮ್ಮ ಮತ್ತು ಮಮ್ಮಿಯ ತಮ್ಮ ಫೆಲಿಕ್ಸ್ ಮಾಮ. ಅಜ್ಜಿಯನ್ನು ನಾವು ಕೊಂಕಣಿಯಲ್ಲಿ ವ್ಹಡ್ಲಿಮಾಂಯ್ ಎನ್ನುತ್ತಿದ್ದೆವು, ಇಲ್ಲಿ ಅಜ್ಜಿ ಎಂದೇ ಬರೆಯುತ್ತೇನೆ. ಮಾಮ ಕೊಡಿಯಾಲ್‌ಬೈಲಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕೆಲಸದಲ್ಲಿದ್ದ. ಅವನ ಕೈಗೆ ಯಾವಾಗಲೂ ಆ ಮದ್ದಿನ ಹುಳಿ ವಾಸನೆ. ಭಾನುವಾರ ಮಾತ್ರ ಅವನು ಪ್ರೊಫೆಸರ್ ಫೆಲಿಕ್ಸ್. ಹುಟ್ಟುಹಬ್ಬ, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಚರ್ಚಿನ ವಾರ್ಡಿನ ಕಾರ್ಯಕ್ರಮ, ಎಲ್ಲಿ ಕರೆದರೂ ಕಪ್ಪು ಕೋಟು ಹಾಕಿ ಮ್ಯಾಜಿಕ್ ಮಾಡಲು ಹೋಗುತ್ತಿದ್ದ. ಪಿಯುಸಿ ಮುಗಿಸದ ಪ್ರೊಫೆಸರ್ ಎಂದು ಮಮ್ಮಿ ತಮಾಷೆ ಮಾಡುತ್ತಿದ್ದಳು.

ಮಾಮನ ದೆಸೆಯಿಂದ ನಮ್ಮ ಮನೆಯಲ್ಲಿ ಕೊಂಕಣಿ, ತುಳು, ಕನ್ನಡದ ಜೊತೆಗೆ ಇನ್ನೊಂದು ಭಾಷೆಯೂ ಓಡಾಡುತ್ತಿತ್ತು. ವಸ್ತುವನ್ನು ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಹಿಡಿದುಕೊಳ್ಳುವುದು ಪಾಮ್. ಆಟ ಶುರುವಾಗುವ ಮೊದಲೇ ಎಲ್ಲೋ ಬಚ್ಚಿಟ್ಟಿರುವ ಸಾಮಾನು ಲೋಡ್. ಆಡುವಾಗ ಬಾಯಿಯಿಂದ ಬರುವ ಹರಟೆ ಪ್ಯಾಟರ್. ಜನ ಇತ್ತ ನೋಡುತ್ತಿರುವಾಗ ಅತ್ತ ಕೆಲಸ ಮುಗಿಸುವುದು ಮಿಸ್‌ಡೈರೆಕ್ಷನ್. ಇದು ಅಜ್ಜಿಯ ನಾಲಿಗೆಗೆ ಎಂದೂ ಬರಲಿಲ್ಲ, ಉಳಿದವು ಚೆನ್ನಾಗಿಯೇ ಬಂದವು. ಮೀನಿನವಳು ಹಳೇ ಬಂಗುಡೆಯ ಮೇಲೆ ಹೊಸತು ನಾಲ್ಕು ಇಟ್ಟರೆ, "ನಿನ್ನ ಪ್ಯಾಟರ್ ಸಾಕು, ಅಡಿಯ ಲೋಡ್ ತೋರಿಸು" ಎನ್ನುತ್ತಿದ್ದಳು. ಮೀನಿನವಳಿಗೆ ಅರ್ಥವಾಗದಿದ್ದರೂ ಬುಟ್ಟಿ ಮಗುಚುತ್ತಿದ್ದಳು.

ಈ ಭಾಷೆಯಲ್ಲಿ ನನಗೂ ಒಂದು ಹೆಸರಿತ್ತು. ಜಾದೂಗಾರ ಏನೇ ಹೇಳಲಿ, ಎಲ್ಲಿಗೇ ನೋಡಲಿ, ಅವನ ಕೈಯನ್ನೇ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುವವರನ್ನು ಅವರು ಬರ್ನರ್ ಎನ್ನುತ್ತಾರೆ. ಕಣ್ಣಿನಿಂದಲೇ ಕೈ ಸುಡುವವರು ಎಂದು ಅರ್ಥ. ನಾನು ಹುಟ್ಟಾ ಹಾಗೆ. ಶಾಲೆಯಲ್ಲಿ ಟೀಚರ್ ಬೋರ್ಡು ತೋರಿಸಿದರೆ ನಾನು ಅವರ ಬ್ಯಾಗಿನ ಹರಿದ ಜಿಪ್ಪು ನೋಡುತ್ತಿದ್ದೆ. ಉಳಿದವರಿಗೆ ಇದು ಸಿಟ್ಟು ತರುವ ಗುಣ. ಮಾಮನಿಗೆ ಮಾತ್ರ ಖುಷಿಯೋ ಖುಷಿ.

"ಸಿಲ್ವಿಯ ಕಣ್ಣು ತಪ್ಪಿಸಿದ್ರೆ ಇಡೀ ಮಂಗಳೂರಿನ ಕಣ್ಣು ತಪ್ಪಿಸಿದ ಹಾಗೆ" ಎಂದು ಅವನು ನನ್ನನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಬಚ್ಚಿಟ್ಟದ್ದು ಒಂದು ಚೂರು ಕಂಡರೂ ನಾನು "ಫ್ಲ್ಯಾಶ್" ಎನ್ನಬೇಕು. ಆಟ ಅಲ್ಲಿಗೆ ನಿಲ್ಲುತ್ತದೆ, ಮೊದಲಿನಿಂದ ಶುರು. ಜನರ ಎದುರು ಮಾತ್ರ ಎಷ್ಟೇ ಕಂಡರೂ ತುಟಿ ಬಿಚ್ಚಬಾರದು. ಮನೆಗೆ ಬಂದು ಚಾ ಕುಡಿಯುವಾಗ ಅವನೇ ಕೇಳುತ್ತಿದ್ದ, "ಇವತ್ತು ಎಲ್ಲಿ ಕಂಡಿತು?" ಹೆಚ್ಚಿನ ಸಲ ನನ್ನ ಉತ್ತರ, "ಎಲ್ಲಿಯೂ ಇಲ್ಲ."

ಆ ಬೇಸಿಗೆ ಅವನು ಕಲಿಯುತ್ತಿದ್ದದ್ದು ಮೂರು ಲೋಟದ ಆಟ. ಮಜ್ಜಿಗೆ ಕುಡಿಯುವ ದೊಡ್ಡ ಸ್ಟೀಲ್ ಲೋಟಗಳನ್ನು ಕವುಚಿ ಇಟ್ಟು, ಗೇರುಬೀಜವನ್ನು ಒಂದರ ಕೆಳಗಿಂದ ಇನ್ನೊಂದರ ಕೆಳಗೆ ಓಡಿಸುವುದು. ಎಲ್ಲರೂ ಗೇರುಬೀಜದ ಬೆನ್ನು ಹತ್ತಿರುವಾಗ ಕೊನೆಗೆ ಮೂರನೇ ಲೋಟ ಎತ್ತಿದರೆ ಅಲ್ಲಿ ಒಂದು ಇಡೀ ಕಾಟು ಮಾವಿನಹಣ್ಣು. ಕಾಟು ಮಾವು ಗಾತ್ರದಲ್ಲಿ ಸಣ್ಣದಾದ್ದರಿಂದ ಅಂಗೈಯಲ್ಲೂ ಅಡಗುತ್ತದೆ, ಲೋಟದಲ್ಲೂ ಹಿಡಿಸುತ್ತದೆ. ತೊಂದರೆ ಇದ್ದದ್ದು ಅದರ ಪರಿಮಳದಲ್ಲಿ. ಹಣ್ಣು ಅವನ ಕೋಟಿನ ಜೇಬಿನಲ್ಲಿರುವಾಗಲೇ ನಾನು, "ಫ್ಲ್ಯಾಶ್" ಎನ್ನುತ್ತಿದ್ದೆ.

"ಎಂತ ಕಂಡಿತು ಮಾರಾಯ್ತಿ?"

"ಕಂಡದ್ದಲ್ಲ, ಮೂಗಿಗೆ ಬಂತು."

"ನಿನ್ನ ಮೂಗಿಗೂ ಬಟ್ಟೆ ಕಟ್ಟಬೇಕು" ಎಂದು ಅವನು ಸ್ವಲ್ಪ ಕಾಯಿಯಾದ ಹಣ್ಣನ್ನು ಹುಡುಕಲು ಹೋಗುತ್ತಿದ್ದ. ರೋನಿ ಮಾತ್ರ ಪ್ರತಿ ಸಲ ಮಾವು ಕಂಡಾಗಲೂ ಚಪ್ಪಾಳೆ ಹೊಡೆದು "ಇನ್ನೊಮ್ಮೆ" ಎಂದು ಕುಣಿಯುತ್ತಿದ್ದ. ಅಭ್ಯಾಸ ಬೇರೆ, ಆಟ ಬೇರೆ, ಆಟ ಎಂದರೆ ಅದೇ ಜನರ ಎದುರು ಅದನ್ನೇ ಎರಡನೇ ಸಲ ಮಾಡುವ ಹಾಗಿಲ್ಲ ಎಂದು ಮಾಮ ಅವನಿಗೆ ಗಂಭೀರವಾಗಿ ತಿಳಿಸಿ ಹೇಳುತ್ತಿದ್ದ. ಮೊದಲನೇ ಸಲ ಜನ ಏನಾಗುತ್ತದೆ ಎಂದು ನೋಡುತ್ತಾರೆ, ಎರಡನೇ ಸಲ ಎಲ್ಲಿ ಮೋಸವಾಗುತ್ತದೆ ಎಂದು ನೋಡುತ್ತಾರೆ. ಇದು ಅವನ ಮೊದಲನೇ ನಿಯಮ. ಇನ್ನೊಬ್ಬ ಜಾದೂಗಾರನ ಆಟದ ಗುಟ್ಟನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ಎರಡನೆಯದು.

ಒಂದು ದಿನ ಮಧ್ಯಾಹ್ನವಿಡೀ ಸೀನು ಬಂದದ್ದು ನಮ್ಮ ಮನೆಯಿಂದ. ಯಾಕೆ ಇಷ್ಟು ಪುಡಿ ಎಂದು ಕೇಳಿದರೆ, ಮಳೆಗಾಲಕ್ಕೆ ಎಂದಳು ಅಜ್ಜಿ. ಆಮೇಲೆ ಒಣ ಸಿಗಡಿ ಬಂತು, ಮಿಡಿ ಉಪ್ಪಿನಕಾಯಿಯ ಬಾಟಲಿಯ ಬಾಯಿಗೆ ಮೇಣ ಬಿತ್ತು. ಮಮ್ಮಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಿಂದ ಬೇಗ ಬಂದು ರೋನಿಯನ್ನು ಕಾರಣವಿಲ್ಲದೆ ಎತ್ತಿಕೊಂಡು ತಿರುಗುತ್ತಿದ್ದಳು. ನನ್ನ ತಲೆಗೆ ದಿನಾ ಎಣ್ಣೆ ಹಚ್ಚತೊಡಗಿದಳು. ಅಜ್ಜಿಯ ಮಂಚದಿಂದ ನೆಲದವರೆಗೆ ಇಳಿಬಿಟ್ಟ ಹೊಸ ಹೊದಿಕೆಯೊಂದು ಬಂತು. ಬೇಸಿಗೆಯ ಸೆಕೆಗೆ ಅಜ್ಜಿ ಅಂಥ ಹೊದಿಕೆ ಹಾಕುವವಳಲ್ಲ. ನಾನು ಬಗ್ಗಿ ನೋಡಿದೆ. ಅಡಿಯಲ್ಲಿ ಒಂದು ಕಂದು ಸೂಟ್‌ಕೇಸ್ ಇತ್ತು, ಹೊಸ ರೆಕ್ಸಿನ್ನಿನ ವಾಸನೆ ಹೊಡೆಯುತ್ತಿತ್ತು.

ನಾನು ಯಾರ ಹತ್ತಿರವೂ ಹೇಳಲಿಲ್ಲ. ಹಿತ್ತಿಲ ಜಗಲಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಮಾಮನ ಎದುರು ಹೋಗಿ ಕೂತೆ. ಅವನು ಲೋಟ ಕವುಚಿದ, ಗೇರುಬೀಜ ತೋರಿಸಿದ.

"ಫ್ಲ್ಯಾಶ್" ಎಂದೆ.

"ಇನ್ನೂ ಶುರುವೇ ಮಾಡ್ಲಿಲ್ಲ."

"ನಿನ್ನದಲ್ಲ. ಅಜ್ಜಿಯ ಮಂಚದ ಕೆಳಗೆ ಲೋಡ್ ಉಂಟು."

ಅವನ ಕೈ ನಿಂತಿತು. ನಾನು ಕೇಳಿದೆ, "ಮಮ್ಮಿ ಯಾವತ್ತು ಹೋಗುವುದು?"

"ಅದು ನನ್ನ ಆಟ ಅಲ್ಲ ಸಿಲ್ವಿ. ಬೇರೆಯವರ ಆಟದ ಗುಟ್ಟು ನಾನು ಹೇಳುವ ಹಾಗಿಲ್ಲ."

"ಡ್ಯಾಡಿ ಹೋಗುವಾಗ ಸಹ ನೀನು ಹೇಳ್ಲಿಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೆ ಎರಡು ವರ್ಷ ಹಿಂದೆ ಡ್ಯಾಡಿಗೆ ಬೆಳಿಗ್ಗೆ ಎದೆನೋವು ಬಂದಿತ್ತು. ದೊಡ್ಡವರು ಗಾಬರಿಯಲ್ಲಿ ಕಾರು ಹುಡುಕುತ್ತಿದ್ದಾಗ ಮಾಮ ನಮ್ಮಿಬ್ಬರನ್ನು ಹಿತ್ತಿಲ ಜೀಗುಜ್ಜೆ ಮರದಡಿಗೆ ಕರೆದುಕೊಂಡು ಹೋದ. ಖಾಲಿ ಮುಷ್ಟಿಯಿಂದ ಕೆಂಪು, ಹಳದಿ, ನೀಲಿ ಕರವಸ್ತ್ರ ಎಳೆಯುತ್ತಾ ಹೋದ. ರೋನಿ ನೆಲದಲ್ಲಿ ಹೊರಳಿ ನಕ್ಕ, ನಾನೂ ನಕ್ಕೆ. ಮುಂದಿನ ಗೇಟಿನಲ್ಲಿ ಕಾರು ಹೊರಟ ಶಬ್ದ ನನಗೆ ಕೇಳಿಸಲಿಲ್ಲ. ನನ್ನ ಕಣ್ಣು ತಪ್ಪಿದ್ದು ಅದೊಂದೇ ಸಲ. ಆಮೇಲೆ ಡ್ಯಾಡಿಯನ್ನು ನೋಡಿದ್ದು ಚಾವಡಿಯಲ್ಲಿ, ತಲೆಯ ಹತ್ತಿರ ಮೇಣದ ಬತ್ತಿ ಹಚ್ಚಿಟ್ಟಿದ್ದಾಗ.

ನನ್ನ ಮಾತು ಕೇಳಿ ಮಾಮ ಲೋಟಗಳನ್ನು ಒಂದರೊಳಗೊಂದು ಇಟ್ಟು ಎದ್ದುಹೋದ. ಅವತ್ತಿನಿಂದ ನಾನು ಮಮ್ಮಿಯನ್ನು ಸುಡತೊಡಗಿದೆ. ಅವಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ, ಮಾರ್ಕೆಟಿಗೆ ಹೋದರೆ ಚೀಲ ಹಿಡಿದು ಹಿಂದೆ. ಮಧ್ಯಾಹ್ನ ಮಲಗಿಸಿದರೆ ಅವಳ ಸೀರೆಯ ಸೆರಗನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ಜೆಸಿಂತಾಳ ದಿಂಬು ನನಗೆ ಗೊತ್ತಿತ್ತು. ಹೋಗಬೇಡ ಎಂದು ಹೇಳುವ ಆಸೆ ನನಗಿರಲಿಲ್ಲ. ಡ್ಯಾಡಿ ಹೋದ ಮೇಲೆ ಮನೆ ನಡೆಯಬೇಕೆಂಬುದು ಒಂಬತ್ತು ವರ್ಷದವಳಿಗೂ ತಿಳಿಯುತ್ತದೆ. ಅವಳು ಹೋಗುವುದನ್ನು ನಾನು ನೋಡಬೇಕಿತ್ತು, ಅಷ್ಟೇ.

ಆ ದಿನ ಮಧ್ಯಾಹ್ನದ ಊಟಕ್ಕೆ ಸಣ್ಣ ಮತ್ತು ಕೋಳಿ ಪದಾರ್ಥ ಇತ್ತು. ಸಣ್ಣ ಎಂದರೆ ಶೇಂದಿ ಹಾಕಿ ಹುಬ್ಬಿಸುವ ನಮ್ಮ ಇಡ್ಲಿ, ಹಬ್ಬಕ್ಕೆ ಮಾಡುವಂಥದ್ದು. ಯಾವ ಹಬ್ಬವೂ ಇರಲಿಲ್ಲ. ಊಟ ಮುಗಿದು ಸ್ವಲ್ಪ ಹೊತ್ತಿಗೆ ಮಾಮ ಕಪ್ಪು ಕೋಟು ಹಾಕಿಕೊಂಡು ಬಂದ. ಹಿತ್ತಿಲ ಜಗಲಿಯಲ್ಲಿ ಸ್ಟೂಲಿಟ್ಟು ಅದರ ಮೇಲೆ ಕೆಂಪು ಬಟ್ಟೆ ಹಾಸಿ, "ಬನ್ನಿ ಬನ್ನಿ, ಇವತ್ತು ಅಭ್ಯಾಸ ಅಲ್ಲ, ಪೂರಾ ಆಟ" ಎಂದು ಕರೆದ. ರೋನಿ ಓಡಿದ. ಮಮ್ಮಿ ಒಳಗಿನಿಂದ, "ಹೋಗು ಸಿಲ್ವಿ, ನಾನು ಪಾತ್ರೆ ತೊಳೆದು ಬರ್ತೇನೆ" ಎಂದಳು. ಅವಳು ಸೀರೆ ಬದಲಾಯಿಸಿರಲಿಲ್ಲ, ಕೈಯಲ್ಲಿ ಪಾತ್ರೆಯೂ ಇತ್ತು. ಅಜ್ಜಿ ನನ್ನ ಭುಜ ಹಿಡಿದು ಕೂರಿಸಿ ಪಕ್ಕದಲ್ಲೇ ಕೂತಳು. ಅಜ್ಜಿ ಹಿಂದೆಂದೂ ಮಾಮನ ಆಟ ನೋಡಲು ಕೂತವಳಲ್ಲ. ಎದ್ದು ಒಳಗೆ ಓಡಬೇಕೆನಿಸಿತು, ಆದರೂ ಧೈರ್ಯ ಸಾಲಲಿಲ್ಲ. ಒಂದು ವೇಳೆ ಅವಳು ಪಾತ್ರೆಯನ್ನೇ ತೊಳೆಯುತ್ತಿದ್ದರೆ?

ಮಾಮ ಶುರು ಮಾಡಿದ. ಅಷ್ಟು ಚೆಂದದ ಆಟ ಅವನು ಯಾವ ಸ್ಟೇಜಿನ ಮೇಲೂ ಆಡಿರಲಿಲ್ಲ. ಈ ಗೇರುಬೀಜ ಬಹಳ ಸೋಮಾರಿ, ಶಾಲೆಗೆ ಚಕ್ಕರ್ ಹೊಡೆದು ಅಜ್ಜಿ ಮನೆಗೆ ಓಡಿಹೋಗುತ್ತದೆ ಎಂದು ಹರಟುತ್ತಾ ಲೋಟ ಎತ್ತಿದ, ಇಟ್ಟ, ಬದಲಾಯಿಸಿದ. ರೋನಿ ಬಾಯಿ ತೆರೆದು ನೋಡುತ್ತಿದ್ದ. ಜಾದೂಗಾರ ಎಲ್ಲಿ ನೋಡುತ್ತಾನೋ ಜನ ಅಲ್ಲಿಯೇ ನೋಡುತ್ತಾರೆ, ಆದ್ದರಿಂದ ಕೆಲಸ ಮಾಡುವ ಕೈಯತ್ತ ಅವನು ತಪ್ಪಿಯೂ ನೋಡಬಾರದು, ಇದು ಮಾಮ ನನಗೆ ಮೊದಲು ಹೇಳಿಕೊಟ್ಟ ಪಾಠ. ನಾನು ಅವನ ಕಣ್ಣು ಬಿಟ್ಟು ಕೈ ನೋಡುತ್ತಿದ್ದೆ. ಎಡಗೈ ಲೋಟ ಎತ್ತಿತು. ಬಲಗೈ ಕೋಟಿನ ಜೇಬಿಗೆ ಇಳಿದು ಮಾವು ಹಿಡಿದು ಹೊರಬಂತು.

ಅಲ್ಲಿ ಅದು ನಿಂತಿತು.

ಅಂಗೈ ನಿಧಾನಕ್ಕೆ ನನ್ನ ಕಡೆ ತಿರುಗಿತು. ಹಳದಿ ಹಣ್ಣು ಇಡೀ ಕಾಣುತ್ತಿತ್ತು. ಅಭ್ಯಾಸದ ಮೊದಲ ದಿನವೂ ಅವನು ಅಷ್ಟು ಬಿಚ್ಚಿ ತೋರಿಸಿದವನಲ್ಲ. ನಾನು ತಲೆ ಎತ್ತಿ ಅವನ ಮುಖ ನೋಡಿದೆ. ಬಾಯಿ ಗೇರುಬೀಜದ ಕತೆ ಹೇಳುತ್ತಲೇ ಇತ್ತು. ಕಣ್ಣು ಮಾತ್ರ ನಮ್ಮೆಲ್ಲರ ತಲೆಯ ಮೇಲಿಂದ ಮುಂಬಾಗಿಲಿನ ಕಡೆ ನೆಟ್ಟಿತ್ತು.

ಅವನು ನೋಡಿದಲ್ಲಿಗೆ ನಾನೂ ನೋಡಿದೆ. ಹುಟ್ಟಾ ಕೈ ಸುಡುವವಳಾದ ನಾನು ಜೀವನದಲ್ಲಿ ಮೊದಲ ಸಲ ಜಾದೂಗಾರ ಹೇಳಿದ ಹಾಗೆ ಕೇಳಿದೆ. ಅವನ ಕೈಯಿಂದ ಮಾವು ಕಿತ್ತುಕೊಂಡು ಓಡಿದೆ. ಯಾಕೆ ಕಿತ್ತುಕೊಂಡೆನೋ ಗೊತ್ತಿಲ್ಲ. ಅಜ್ಜಿ ನನ್ನ ಲಂಗ ಹಿಡಿಯಲು ಹೋದಳು, ಸಿಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ತೊಳೆಯದೆ ಬಿದ್ದಿದ್ದವು. ಬರಿಗಾಲಿಗೆ ಓಣಿಯ ಜಲ್ಲಿ ಚುಚ್ಚುತ್ತಿತ್ತು.

ಮಾರ್ಕೆಟಿನ ತಿರುವಿನಲ್ಲಿ ಅಂಬಾಸಿಡರ್ ನಿಂತಿತ್ತು. ಡ್ರೈವರ್ ಒಳಗೆ ಕೂತಾಗಿತ್ತು. ಮಮ್ಮಿ ತೆರೆದ ಬಾಗಿಲನ್ನು ಹಿಡಿದುಕೊಂಡು ಹೊರಗೇ ನಿಂತಿದ್ದಳು. ಹಸಿರು ಸೀರೆ ಉಟ್ಟಿದ್ದಳು. ನನ್ನನ್ನು ಕಂಡು ಬೈಯುತ್ತಾಳೆಂದುಕೊಂಡೆ. ಅವಳು ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು.

"ನಾನು ಅಳುವುದಿಲ್ಲ" ಎಂದು ಹೇಳಿ ನಾನು ಅತ್ತೆ. ಅವಳ ಕುತ್ತಿಗೆಯಲ್ಲಿ ಪೌಡರಿನ ವಾಸನೆ, ಕೈಯಲ್ಲಿ ಇನ್ನೂ ಬಾಫತ್ ಪುಡಿಯ ವಾಸನೆ.

"ತಮ್ಮನನ್ನು ನೋಡಿಕೊ. ಅಜ್ಜಿಗೆ ಎದುರು ಮಾತಾಡಬೇಡ. ನಾನು ಬರ್ತೇನೆ."

"ಯಾವಾಗ?"

"ಗೊತ್ತಿಲ್ಲ ಮಗಾ. ಬರ್ತೇನೆ, ಅದು ಮಾತ್ರ ಗೊತ್ತುಂಟು."

ಮಾವಿನಹಣ್ಣನ್ನು ಅವಳ ಕೈಗೆ ಕೊಟ್ಟೆ. ಟ್ಯಾಕ್ಸಿ ತಿರುವು ದಾಟಿ ಕಾಣದಾಗುವವರೆಗೂ ಅವಳು ಹಿಂದಿನ ಗಾಜಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ನಾನೂ ಕಣ್ಣು ಮಿಟುಕಿಸದೆ ನೋಡಿದೆ. ಆಗ ಬಜ್ಪೆ ವಿಮಾನ ನಿಲ್ದಾಣದಿಂದ ಬೊಂಬಾಯಿಗೆ ಹೋಗಿ ಅಲ್ಲಿಂದ ಕುವೈಟ್ ವಿಮಾನ. ಬೊಂಬಾಯಿಯಲ್ಲಿ ಸೂಟ್‌ಕೇಸಿನ ಮೇಲೆ ಕೂತು ಆ ಹಣ್ಣು ತಿಂದಳಂತೆ. ತಿಂದ ಮೇಲೆ ಕೈ ತೊಳೆಯಲು ಮನಸ್ಸೇ ಬರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಹೇಳಿದಳು.

ಮನೆಗೆ ಬಂದರೆ ರಂಪ. ಅಜ್ಜಿ ಮಾಮನ ಮೈಮೇಲೆ ಹೋಗುತ್ತಿದ್ದಳು. "ಒಂದು ಕೆಲಸ ಹೇಳಿದ್ದು ನಿನಗೆ. ಎಂತ ಮಾಡಿದ್ದು ನೀನು?"

"ಕೈ ಜಾರಿತು" ಎಂದ ಮಾಮ.

ಅವನ ಬಾಯಿಯಿಂದ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ರೋನಿ ಸ್ಟೂಲಿನ ಹತ್ತಿರ ನಿಂತು ಮೂರನೇ ಲೋಟವನ್ನು ಎತ್ತಿ ಎತ್ತಿ ನೋಡುತ್ತಿದ್ದ. ಮಾವು ಎಲ್ಲಿ ಎಂದು ಕೇಳುತ್ತಿದ್ದ. ಮಮ್ಮಿ ಎಲ್ಲಿ ಎಂದು ಕೇಳಿದ್ದು ಸಂಜೆ, ಎಲ್ಲರೂ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆಗೆ ಮಂಡಿಯೂರಿದಾಗ. ಚಾ ಕುಡಿಯುವಾಗ ಮಾಮ ನನ್ನನ್ನು ಎಂದಿನ ಪ್ರಶ್ನೆ ಕೇಳಲಿಲ್ಲ.

ಅಜ್ಜಿಯ ಬಾಯಿಯಿಂದ ಸುದ್ದಿ ವಾರ್ಡಿಗೆಲ್ಲ ಹರಡಿತು. ಆಮೇಲೆ ಎಲ್ಲಿ ಆಟ ಆಡಲು ಹೋದರೂ ಯಾರಾದರೊಬ್ಬರು, "ಪ್ರೊಫೆಸರೇ, ಇವತ್ತು ಕೈ ಜಾರುವುದಿಲ್ಲ ಅಲ್ವಾ?" ಎಂದು ಚುಚ್ಚುತ್ತಿದ್ದರು. "ವಯಸ್ಸಾಯ್ತು ಮಾರಾಯ" ಎಂದು ಅವನು ನಗುತ್ತಿದ್ದ. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಕೈಯೇ ಮಾನವಾಗಿದ್ದ ಮನುಷ್ಯ ಆ ಮಾತನ್ನು ಕೊನೆಯವರೆಗೂ ಹೊತ್ತ. ನಾನು ದೊಡ್ಡವಳಾದ ಮೇಲೆ ಒಮ್ಮೆ ನೇರವಾಗಿ ಕೇಳಿದೆ. ಅವನು, "ಜೀಗುಜ್ಜೆ ಮರದಡಿಯ ಅದೇ ಆಟ, ಅದೇ ಜನ. ಎರಡನೇ ಸಲ ಮಾಡ್ಲಿಕ್ಕೆ ಆಗ್ಲಿಲ್ಲ" ಎಂದ. ಆಮೇಲೆ, "ಆದ್ರೆ ಅಕ್ಕನ ಆಟ ನಾನು ಕೆಡಿಸಿದ್ದು ನಿಜ. ಅವಳಿಗೆ ಅಳದೆ ಹೋಗ್ಬೇಕಿತ್ತು" ಎಂದು ಸೇರಿಸಿದ.

ಮಾಮ ಕಳೆದ ವರ್ಷ ತೀರಿಕೊಂಡ. ಮಮ್ಮಿ ಕುವೈಟ್ ಬಿಟ್ಟು ಬಂದು ತುಂಬ ಕಾಲವಾಯಿತು, ಈಗ ಕಾವೂರಿನಲ್ಲಿ ನನ್ನ ಜೊತೆಗಿದ್ದಾಳೆ. ರೋನಿ ಕೊಡಿಯಾಲ್‌ಬೈಲಿನಲ್ಲಿ ಬೇಕರಿ ಇಟ್ಟಿದ್ದಾನೆ. ಆ ದಿನದ ಬಗ್ಗೆ ಕೇಳಿದರೆ ಲೋಟದ ಕೆಳಗೆ ಏನೂ ಇರಲಿಲ್ಲ ಎನ್ನುವುದೊಂದೇ ಅವನಿಗೆ ನೆನಪು. ಈಗ ಯಾರೂ ಮಕ್ಕಳ ಕಣ್ಣು ತಪ್ಪಿಸಿ ವಿಮಾನ ಹತ್ತುವುದಿಲ್ಲ. ಬಾಗಿಲು ಮುಚ್ಚುವವರೆಗೂ ವಿಡಿಯೋ ಕಾಲಿನಲ್ಲಿ ಕೈ ಬೀಸುತ್ತಾರೆ, ಅದು ಒಳ್ಳೆಯದೇ. ಪಾಮ್, ಲೋಡ್, ಫ್ಲ್ಯಾಶ್ ಎಲ್ಲ ನನ್ನ ಮಗಳಿಗೂ ಗೊತ್ತು. ಫೋನಿನಲ್ಲಿ ಯಾರೋ ಒಬ್ಬ ಕೈ ಮಗುಚಿ ಗುಟ್ಟು ತೋರಿಸುತ್ತಾನೆ, ಇವಳು ಓಹೋ ಎಂದು ಮುಂದಿನದಕ್ಕೆ ಹೋಗುತ್ತಾಳೆ. ಕೈ ಮಗುಚುವುದಕ್ಕೆ ಒಬ್ಬನು ಏನೆಲ್ಲ ಬೆಲೆ ತೆತ್ತ ಎಂದು ಅವಳಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯುವುದಿಲ್ಲ.

ಮಾಮನ ತಿಂಗಳ ಪೂಜೆ ಮುಗಿಸಿ ಬಂದ ದಿನ ಅವನ ಪೆಟ್ಟಿಗೆಯಿಂದ ಆ ಮೂರು ಲೋಟ ತೆಗೆದು ಮಮ್ಮಿಯ ಎದುರು ಇಟ್ಟೆ. ಅವನು ನನಗೆ ಹೇಳಿದ್ದನ್ನೂ ಹೇಳಿದೆ. ಅವಳು ಲೋಟವನ್ನು ಸೆರಗಿನಿಂದ ಒರೆಸುತ್ತಾ ಕೂತಳು.

"ಸಾಮಾನು ಹಾಕಿ ಆಗಿತ್ತು, ವಿಮಾನಕ್ಕೆ ಹೊತ್ತಾಗಿತ್ತು, ಡ್ರೈವರ್ ಎರಡೆರಡು ಸಲ ಹಾರ್ನ್ ಮಾಡಿದ. ನಾನು ಟ್ಯಾಕ್ಸಿ ಹತ್ರ ಯಾಕೆ ನಿಂತಿದ್ದೆ ಅಂತ ನೀನು ಯಾವತ್ತೂ ಕೇಳ್ಲಿಲ್ಲ" ಎಂದಳು. "ಫೆಲಿಕ್ಸನ ಕೈ ಜಾರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಜಾರಲಿ ಅಂತ ಕಾದೆ."

"ಇದನ್ನು ಅವನಿಗೆ ಹೇಳಿದ್ದೀಯಾ?"

"ಅವನು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ಅವಳು ಒರೆಸಿದ ಲೋಟಗಳನ್ನು ಒಂದರ ಪಕ್ಕ ಒಂದು ಕವುಚಿ ಇಟ್ಟಳು. ಹೊರಗೆ ಮಗಳು ಚಾ ಆಯಿತು ಎಂದು ಕರೆಯುತ್ತಿದ್ದಳು. ಇಷ್ಟು ವರ್ಷ ಮುಚ್ಚಿಟ್ಟದ್ದು ಕೊನೆಗೂ ನನ್ನ ಕಣ್ಣಿಗೆ ಬಿದ್ದಿತ್ತು. ಎಲ್ಲಿ ಕಂಡಿತು ಎಂದು ಕೇಳಬೇಕಾದವನು ಇರಲಿಲ್ಲ.